ಡಿಪ್ಲೊಮಾದಿಂದ ಬಂದ ಹುಡುಗ, ನಡುವೆ ಬಿಟ್ಟುಹೋದ ಗಣಿತ

ಬಸವರಾಜ (ಹೆಸರು ಬದಲಿಸಿದ್ದೇನೆ) ಆಪ್ತ ಸಮಾಲೋಚನೆಗೆಂದು ನನ್ನ ಕೋಣೆಗೆ ಮೊದಲ ಸಲ ಬಂದಾಗ ಹತ್ತು ನಿಮಿಷ ಸುಮ್ನೆ ಕೂತಿದ್ದ. ಆಮೇಲೆ ಹೇಳಿದ್ದು ಇಷ್ಟೇ: "ನಾ ದಡ್ಡ ಅದೀನ್ರಿ ಮೇಡಂ. ಬಿಇ ನನ್ನ ಕೈಲೆ ಆಗೂದಿಲ್ರಿ."

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ, ನಂತರ 3 ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ. ಅಲ್ಲಿ ತರಗತಿಗೇ ಮೊದಲು. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಕಾಲೇಜಿನಲ್ಲಿ ನೇರ ಬಿಇ ಎರಡನೇ ವರ್ಷಕ್ಕೆ ಬಂದಿದ್ದ. ಮೊದಲ ಸೆಮಿಸ್ಟರ್‌ನಲ್ಲೇ 3 ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ಪೇಪರ್. ಅಪ್ಪ ರಾತ್ರಿ ಫೋನ್ ಮಾಡಿದರೆ "ಎಲ್ಲಾ ಛಲೋ ನಡದೈತಿ" ಅನ್ನುತ್ತಿದ್ದ.

ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಅನ್ನಿಸಿದೆಯಾ ಎಂದೂ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ದಯವಿಟ್ಟು ಕೇಳಿ. ಅವನು ಇಲ್ಲ ಅಂದ. ಆದರೂ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನ ಫೋನಿನಲ್ಲಿ ಹಾಕಿಸಿದೆ.

ಮುಂದಿನ ಸಲ ಉತ್ತರ ಪತ್ರಿಕೆಯ ನಕಲು ತರಿಸಿಕೊಂಡು ಬಾ ಅಂದೆ. ಗಣಿತದ ಮೇಷ್ಟ್ರೊಬ್ಬರನ್ನೂ ಕರೆದು ಕೂರಿಸಿಕೊಂಡೆ. ಥರ್ಮೋಡೈನಮಿಕ್ಸ್ ಪತ್ರಿಕೆಯಲ್ಲಿ ಚಿತ್ರ ಸರಿ, ವಿವರಣೆ ಸರಿ. ಪಿಸ್ಟನ್ ಮಾಡುವ ಕೆಲಸದ ಲೆಕ್ಕದಲ್ಲಿ ಇಂಟಿಗ್ರೇಷನ್ ಬಂದ ಸಾಲಿಗೆ ಪೆನ್ನು ನಿಂತಿದೆ. ಎಲ್ಲ ಕಡೆಯೂ ಅಲ್ಲೇ ನಿಂತಿದೆ!

ಇದು ದಡ್ಡತನ ಅಲ್ಲವೇ ಅಲ್ಲ. ಜೊತೆಯ ಹುಡುಗರು ಪಿಯುಸಿಯಲ್ಲಿ 2 ವರ್ಷ ಗಣಿತ ಓದಿದ್ದಾರೆ, ಬಿಇ ಮೊದಲ ವರ್ಷದಲ್ಲಿ ಮತ್ತೆ ಎರಡು ಗಣಿತ ಪೇಪರ್ ಬರೆದಿದ್ದಾರೆ. ಇವನು ಆ ದಾರಿಯಲ್ಲಿ ಬಂದೇ ಇಲ್ಲ. ವರ್ಕ್‌ಶಾಪಿನಲ್ಲಿ ಲೇಥ್ ಯಂತ್ರದ ಮುಂದೆ ನಿಂತರೆ ಅದೇ ಹುಡುಗರು ಇವನನ್ನು ಕೇಳಿ ಕೆಲಸ ಮಾಡುತ್ತಾರೆ. ಅದನ್ನು ಅವನೇ ಮರೆತಿದ್ದ.

ಜಾಸ್ತಿ ಓದು ಅಂತ ನಾನು ಹೇಳಲಿಲ್ಲ. ಈಗಲೇ ರಾತ್ರಿ 2ರವರೆಗೆ ಓದುತ್ತಿದ್ದ, ಪಾಪ. 6 ವಾರ ಹಳೇ ಪ್ರಶ್ನೆಪತ್ರಿಕೆ ಮುಟ್ಟಬೇಡ, ದ್ವಿತೀಯ ಪಿಯುಸಿ ಪುಸ್ತಕದ ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಮಾತ್ರ ದಿನಕ್ಕೊಂದು ಗಂಟೆ ಮಾಡು ಅಂದೆ. ಮೇಷ್ಟ್ರು ವಾರಕ್ಕೆ ಎರಡು ಸಂಜೆ ಒಪ್ಪಿದರು. "ಅರ್ಥ ಆಗಲಿಲ್ಲ ಅನ್ನಬೇಡ, ಯಾವ ಸಾಲು ಅಂತ ಬೆರಳಿಟ್ಟು ತೋರಿಸು" ಎಂದರು. ಅವರು ಶುರು ಮಾಡಿದ್ದು ಸೂತ್ರದಿಂದಲ್ಲ. ಪಿಸ್ಟನ್ ಸರಿದಂತೆ ಒತ್ತಡ ಇಳಿಯುವ ಗ್ರಾಫ್ ಬರೆಸಿ, ಅದರ ಕೆಳಗಿನ ಜಾಗವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಕೂಡಿಸಲು ಹೇಳಿದರು. ಕೂಡಿಸಿ ನೋಡಿ, "ಇಂಟಿಗ್ರೇಷನ್ ಅಂದ್ರ ಇಷ್ಟೇ ಏನ್ರಿ?" ಎಂದು ಕೇಳಿದನಂತೆ.

ಪರೀಕ್ಷೆಗೂ ಒಂದು ಲೆಕ್ಕ ಹಾಕಿದೆವು. 100 ಅಂಕದ ಪತ್ರಿಕೆ, 5 ಮಾಡ್ಯೂಲ್ (ಪಾಠದ ಭಾಗ), ಒಂದೊಂದಕ್ಕೆ 20. ಎಲ್ಲವನ್ನೂ ಅರ್ಧರ್ಧ ಓದುವ ಬದಲು ಮೊದಲು ಮೂರನ್ನು ಗಟ್ಟಿ ಮಾಡಿಕೋ ಅಂದೆ.

ಅಪ್ಪನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎಷ್ಟು ಪೇಪರ್, ಮುಂದಿನ ಪರೀಕ್ಷೆ ಯಾವಾಗ, ಈಗ ಏನು ಮಾಡುತ್ತಿದ್ದೀಯ, ಈ ಮೂರನ್ನೇ ಹೇಳು ಅಂದೆ. ನನ್ನ ಕೋಣೆಯಿಂದಲೇ ಫೋನ್ ಮಾಡಿದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಕೇಳಿದರಂತೆ: "ಅದಕ್ಕ ಫೀ ಎಷ್ಟ್ ಕಟ್ಟಬೇಕೋ ತಮ್ಮಾ?"

ಮುಂದಿನ ಪರೀಕ್ಷೆಯಲ್ಲಿ ಎರಡು ಪೇಪರ್ ಪಾಸಾದವು, ಗಣಿತ ಉಳಿದಿದೆ. ಸಂಜೆಯ ಪಾಠ ಬಿಟ್ಟಿಲ್ಲ. ಈ ವರ್ಷ ಡಿಪ್ಲೊಮಾದಿಂದ ಬಂದ ಇನ್ನಿಬ್ಬರನ್ನು ತಾನೇ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾನೆ.