ಲ್ಯಾಪ್‌ಟಾಪಿಗೆ ಫೋನ್ ಚಾರ್ಜರಿನ ಟೈಪ್-ಸಿ ಕೇಬಲ್ ಹಾಕಿದರೂ ಮಾನಿಟರಿನಲ್ಲಿ ಚಿತ್ರ ಬರುವುದಿಲ್ಲ, ಯಾಕೆ?

ನೀವು ಹಾಕಿದ್ದು ಫೋನ್ ಚಾರ್ಜರಿನ ಕೇಬಲ್ ಅಂದಿರಲ್ಲ, ತೊಂದರೆ ಬಹುಶಃ ಅಲ್ಲೇ ಮಾರಾಯ್ರೆ. ಟೈಪ್-ಸಿ ಅನ್ನುವುದು ತುದಿಯ ಆಕಾರದ ಹೆಸರು ಅಷ್ಟೆ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2.0 ಅನ್ನುವ ಹಳೆಯ, ನಿಧಾನದ ಬಗೆಯವು, ವೇಗ ಸೆಕೆಂಡಿಗೆ 480 ಮೆಗಾಬಿಟ್ ಅಷ್ಟೆ. ಚಿತ್ರ ಸಾಗಿಸುವ ಹೈಸ್ಪೀಡ್ ತಂತಿಗಳೇ ಅದರೊಳಗೆ ಇರುವುದಿಲ್ಲ.

ಹೊಸದು ತರುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಹುಡುಕಿ, ಅದರ ಟೈಪ್-ಸಿ ಪೋರ್ಟಿಗೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ಥಂಡರ್‌ಬೋಲ್ಟ್ ಇದೆಯಾ ನೋಡಿ; ಟೈಪ್-ಸಿ ಪೋರ್ಟಿನಿಂದ ಮಾನಿಟರಿಗೆ ಚಿತ್ರ ಕಳಿಸುವ ಸೌಲಭ್ಯಗಳು ಇವು. ಎರಡೂ ಇಲ್ಲವಾದರೆ ಎಷ್ಟು ದುಬಾರಿ ಟೈಪ್-ಸಿ ಕೇಬಲ್ ತಂದರೂ ದಂಡ, ಎಚ್‌ಡಿಎಂಐಯೇ ಗತಿ.

ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ಬರೇ "ಟೈಪ್-ಸಿ ಕೇಬಲ್ ಕೊಡಿ" ಅಂದರೆ ಚಾರ್ಜಿಂಗಿನದ್ದೇ ಕೈಗೆ ಬರುವುದು. ನನಗೆ ಎರಡು ಸಲ ಹಾಗಾಗಿದೆ. "ಮಾನಿಟರಿಗೆ, ವಿಡಿಯೋ ಹೋಗುವಂಥದ್ದು" ಅಂತ ಬಿಡಿಸಿ ಹೇಳಿ.