ಟ್ರಾವೆಲ್ ಟ್ರೇಲರಿಗೆ ಎಷ್ಟು ಸಾಮರ್ಥ್ಯದ ಹಿಚ್ ಬೇಕು?

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರಿನ (ವಾಹನದ ಹಿಂದೆ ಜೋಡಿಸಿ ಎಳೆಯುವ ಪ್ರವಾಸದ ಮನೆಯ) ಖಾಲಿ ತೂಕ 2200 ಕೆ.ಜಿ. ಎಂದು ಕೈಪಿಡಿಯಲ್ಲಿದೆ. ಸಾಮಾನು ತುಂಬಿ ಪಿಕಪ್‌ಗೆ ಜೋಡಿಸಿದರೆ ಪಿಕಪ್ಪಿನ ಹಿಂಭಾಗ ಕುಸಿದು ಸ್ಟೇರಿಂಗ್ ಹಗುರವಾಗುತ್ತದೆ. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರವನ್ನು ಹಂಚುವ ಜೋಡಣೆಯ ಕೊಂಡಿ) ಹಾಕಿಸುವುದಾದರೆ, ಇರುವುದರಲ್ಲೇ ಹೆಚ್ಚು ಸಾಮರ್ಥ್ಯದ್ದನ್ನು ಕೊಳ್ಳುವುದು ಒಳ್ಳೆಯದಲ್ಲವೇ? ಟ್ರೇಲರ್ ಅಕ್ಕಪಕ್ಕಕ್ಕೆ ಓಲಾಡುವುದನ್ನು ತಡೆಯುವ ಸಾಧನವನ್ನು ಬೇರೆಯಾಗಿ ಕೊಳ್ಳಬೇಕೇ?

ಉತ್ತರ: ಈ ಹಿಚ್ಚಿನ ಎರಡು ಸ್ಪ್ರಿಂಗ್ ಬಾರ್‌ಗಳು ಸನ್ನೆಕೋಲಿನಂತೆ ಕೆಲಸ ಮಾಡಿ, ಟ್ರೇಲರಿನ ಮೂಕಿಯಿಂದಾಗಿ ವಾಹನದ ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರದಲ್ಲಿ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲನ್ನು ಟ್ರೇಲರಿನ ಗಾಲಿಗಳಿಗೂ ದಾಟಿಸುತ್ತವೆ. ಆದ್ದರಿಂದ ಬಾರ್‌ಗಳನ್ನು ಆರಿಸಬೇಕಾದದ್ದು ಮೂಕಿಭಾರವನ್ನು, ಅಂದರೆ ಮೂಕಿ ವಾಹನದ ಕೊಂಡಿಯ ಮೇಲೆ ಕೆಳಕ್ಕೆ ಒತ್ತುವ ತೂಕವನ್ನು, ನೋಡಿಯೇ ಹೊರತು ಟ್ರೇಲರಿನ ಖಾಲಿ ತೂಕವನ್ನು ನೋಡಿ ಅಲ್ಲ. ನೀರು, ಗ್ಯಾಸ್ ಸಿಲಿಂಡರ್, ಬಟ್ಟೆಬರೆ ಎಲ್ಲವನ್ನೂ ಪ್ರಯಾಣಕ್ಕೆ ಹೊರಡುವಂತೆಯೇ ತುಂಬಿ ತೂಕ ಮಾಡಿಸಿ. ಮೂಕಿಭಾರ ಒಟ್ಟು ತೂಕದ ಶೇ. 10ರಿಂದ 15ರಷ್ಟಿರಬೇಕು; ತುಂಬಿದ ಟ್ರೇಲರ್ 2700 ಕೆ.ಜಿ. ತೂಗಿದರೆ ಅದು 270ರಿಂದ 405 ಕೆ.ಜಿ. ಆಗುತ್ತದೆ. ತೂಗಿದಾಗ 330 ಕೆ.ಜಿ. ಬಂದಿತೆನ್ನಿ. ಪಿಕಪ್ಪಿನ ಹಿಂದಿನ ಆಕ್ಸಲ್‌ನ ಆಚೆ ಇಡುವ 70 ಕೆ.ಜಿ. ಸಾಮಾನನ್ನೂ ಅದಕ್ಕೆ ಸೇರಿಸಿದರೆ 400 ಆಯಿತು. ಬಾರ್‌ಗಳ ಮೇಲೆ ಸಾಮಾನ್ಯವಾಗಿ ಪೌಂಡ್‌ಗಳಲ್ಲಿ ಗುರುತಿರುತ್ತದೆ. 1000 ಪೌಂಡಿನದು, ಅಂದರೆ ಸುಮಾರು 450 ಕೆ.ಜಿ.ಯದು, ನಿಮಗೆ ಸರಿಹೊಂದುತ್ತದೆ. ಅಗತ್ಯಕ್ಕಿಂತ ತೀರ ಬಿರುಸಾದ ಬಾರ್‌ಗಳು ರಸ್ತೆಯ ಪ್ರತಿಯೊಂದು ಏಟನ್ನೂ ಟ್ರೇಲರಿನ ಚೌಕಟ್ಟಿಗೆ ದಾಟಿಸುವುದರಿಂದ, ಎಲ್ಲಕ್ಕಿಂತ ದೊಡ್ಡದನ್ನು ಕೊಳ್ಳಬೇಡಿರೆಂದೇ ನನ್ನ ಸಲಹೆ.

ಈ ಹಿಚ್ ನಿಮ್ಮ ವಾಹನದ ಎಳೆಯುವ ಸಾಮರ್ಥ್ಯವನ್ನಾಗಲಿ ಹೊರುವ ಸಾಮರ್ಥ್ಯವನ್ನಾಗಲಿ ಹೆಚ್ಚಿಸುವುದಿಲ್ಲ ಎಂಬುದನ್ನು ದಯವಿಟ್ಟು ಮರೆಯಬೇಡಿ. ಟ್ರೇಲರಿನಲ್ಲಿ ಸರ್ಜ್ ಬ್ರೇಕ್ (ವಾಹನ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ತಳ್ಳುವ ಒತ್ತಡದಿಂದಲೇ ಹಿಡಿಯುವ ಬ್ರೇಕ್) ಇದ್ದರೆ, ಕೆಲವು ಹಿಚ್‌ಗಳು ಅದರ ಕೆಲಸಕ್ಕೆ ಅಡ್ಡಿಯಾಗುವುದರಿಂದ, ಕೊಳ್ಳುವ ಮೊದಲೇ ವಿಚಾರಿಸಿ.

ಜೋಡಣೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಅಳತೆಪಟ್ಟಿ ಸಾಕು. ಪಿಕಪ್ ಒಂಟಿಯಾಗಿದ್ದಾಗ ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ 90 ಸೆಂ.ಮೀ. ಎತ್ತರದಲ್ಲಿದ್ದು, ಬಾರ್ ಹಾಕದೆ ಟ್ರೇಲರ್ ಜೋಡಿಸಿದಾಗ 93ಕ್ಕೆ ಏರಿತೆಂದುಕೊಳ್ಳಿ. ಏರಿದ ಈ ಮೂರು ಸೆಂ.ಮೀ.ನಲ್ಲಿ ಎಷ್ಟನ್ನು ಇಳಿಸಬೇಕೆಂಬುದು ವಾಹನದ ಕೈಪಿಡಿಯಲ್ಲಿರುತ್ತದೆ. ಅರ್ಧ ಇಳಿಸಬೇಕೆಂದಿದ್ದರೆ 91.5ಕ್ಕೆ ನಿಲ್ಲಿಸಿ. 90ಕ್ಕಿಂತ ಕೆಳಗೆ ಮಾತ್ರ ಇಳಿಯಕೂಡದು, ಏಕೆಂದರೆ ಆಗ ಹಿಂದಿನ ಚಕ್ರಗಳು ಹಗುರವಾಗಿ ಹಿಡಿತ ತಪ್ಪುತ್ತವೆ.

ಓಲಾಟಕ್ಕೆ ಬಹುಪಾಲು ಕಾರಣ ಮೂಕಿಭಾರ ಶೇ. 10ಕ್ಕಿಂತ ಕಡಿಮೆಯಾಗಿರುವುದು. ಅದಕ್ಕೆ ಸಾಮಾನನ್ನು ಮುಂದಕ್ಕೆ ಸರಿಸುವುದೇ ಪರಿಹಾರ. ಯಾವ ಸಾಧನವೂ ಆ ದೋಷವನ್ನು ಮುಚ್ಚಲಾರದು. ಭಾರ ಸರಿಯಿದ್ದೂ ಪಕ್ಕದಲ್ಲಿ ಲಾರಿ ಹಾದಾಗ ಅಥವಾ ಅಡ್ಡಗಾಳಿ ಬೀಸಿದಾಗ ಅಲುಗದಿರಲು, ಘರ್ಷಣೆಯ ವ್ಯವಸ್ಥೆ ಬಾರ್‌ಗಳಲ್ಲೇ ಅಡಕವಾಗಿರುವ ಹಿಚ್ಚನ್ನು ನಾನು ಮೆಚ್ಚುತ್ತೇನೆ. ಬೇರೆಯಾಗಿ ಸಿಗುವ ಘರ್ಷಣೆಯ ಪಟ್ಟಿಯನ್ನು ರಿವರ್ಸ್ ತೆಗೆಯುವ ಮುನ್ನ ಸಾಮಾನ್ಯವಾಗಿ ಕಳಚಬೇಕಾಗುತ್ತದೆ, ಮರೆತರೆ ಅದು ಬಾಗಿ ಹಾಳಾಗುತ್ತದೆ.

ಬಾರ್‌ಗಳನ್ನು ಸಿಕ್ಕಿಸುವಾಗಲೂ ಬಿಡಿಸುವಾಗಲೂ ಮೊದಲು ಮೂಕಿಯ ಜಾಕ್‌ನಿಂದ ಟ್ರೇಲರನ್ನೂ ಪಿಕಪ್ಪಿನ ಹಿಂಭಾಗವನ್ನೂ ಒಟ್ಟಿಗೆ ಎತ್ತಿ ಬಿಗಿತವನ್ನು ಇಳಿಸಿಕೊಳ್ಳಿ. ಬಿಗಿತದಲ್ಲಿರುವ ಬಾರ್ ಜಾರಿ ಚಿಮ್ಮಿದರೆ ಕೈಮೂಳೆ ಮುರಿಯುವಷ್ಟು ರಭಸ ಅದಕ್ಕಿರುತ್ತದೆ.