ಡೇಟಾ ಇಲ್ಲದ ಫೋನಿನಿಂದ ಇಂಟರ್‌ನೆಟ್ ಕೇಳುವುದು ಹೇಗೆ?

ಪ್ರಶ್ನೆ: ಅಪ್ಪನ ಹತ್ತಿರ ಇರುವುದು ಕೀಪ್ಯಾಡ್ ಫೋನು. ಡೇಟಾ ಇಲ್ಲ, ಹಾಕಿಸಿಕೊಳ್ಳುವ ಮನಸ್ಸೂ ಅವರಿಗಿಲ್ಲ. ನಾಳೆ ಮಳೆ ಇದೆಯಾ, ಖಾತೆಯಲ್ಲಿ ಎಷ್ಟಿದೆ, ರೈಲು ಎಲ್ಲಿದೆ ಅಂತ ಪ್ರತಿ ಸಲ ನನಗೇ ಫೋನ್ ಮಾಡುತ್ತಾರೆ. ಮೆಸೇಜ್ ಕಳಿಸಿ ಇದನ್ನೆಲ್ಲ ತಿಳಿಯಬಹುದಂತೆ. ನೆಟ್ ಇಲ್ಲದ ಫೋನಿಗೆ ನೆಟ್‌ನ ಮಾಹಿತಿ ಬರುವುದಾದರೂ ಹೇಗೆ?

ಉತ್ತರ: ನಿಮ್ಮ ತಂದೆಯವರ ಫೋನು ಇಂಟರ್‌ನೆಟ್ಟಿಗೆ ಹೋಗುವುದೇ ಇಲ್ಲ. ಅದರ ಪರವಾಗಿ ಬೇರೊಂದು ಕಂಪ್ಯೂಟರ್ ಹೋಗಿ, ನೋಡಿಕೊಂಡು ಬಂದು ಹೇಳುತ್ತದೆ. ಅವರು ಕಳಿಸಿದ ಮೆಸೇಜು ಮೊದಲು ಮೊಬೈಲ್ ಕಂಪನಿಯ ಎಸ್‌ಎಂಎಸ್ ಕೇಂದ್ರಕ್ಕೆ, ಅಲ್ಲಿಂದ ಆ ಸೇವೆಯ ಗೇಟ್‌ವೇಗೆ ತಲುಪುತ್ತದೆ. ಮೊಬೈಲ್ ಜಾಲದಲ್ಲೊಂದು ಕಾಲು, ಇಂಟರ್‌ನೆಟ್ಟಿನಲ್ಲೊಂದು ಕಾಲು ಇಟ್ಟುಕೊಂಡು ನಿಂತಿರುವ ಯಂತ್ರ ಅದು. ಮೆಸೇಜಿನ ಮೊದಲ ಪದ ನೋಡಿ ಏನು ಬೇಕೆಂದು ತಿಳಿದುಕೊಳ್ಳುತ್ತದೆ, ಮಾಹಿತಿ ಇರುವಲ್ಲಿಂದ ತಂದು ಚುಟುಕಾಗಿಸಿ ವಾಪಸು ಕಳಿಸುತ್ತದೆ. ಎದುರಿಗೆ ಮನುಷ್ಯರಿಲ್ಲವಾದ್ದರಿಂದ ಮರ್ಯಾದೆಗೆಂದು ಒಂದು ‘ನಮಸ್ಕಾರ’ ಸೇರಿಸಿದರೂ ಕೆಲಸ ಕೆಟ್ಟೀತು.

ಇದೇನೂ ಆಮೇಲೆ ಹೊಳೆದ ಉಪಾಯವಲ್ಲ. ಜಗತ್ತಿನ ಮೊದಲ ಎಸ್‌ಎಂಎಸ್, ಅಂದರೆ 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಎಂಬ ಬ್ರಿಟಿಷ್ ಎಂಜಿನಿಯರ್ ಕಳಿಸಿದ ಕ್ರಿಸ್‌ಮಸ್ ಶುಭಾಶಯ, ಹೊರಟಿದ್ದೇ ಕಂಪ್ಯೂಟರಿನಿಂದ.

ಡೇಟಾ ಬೇಡದಿರುವುದಕ್ಕೆ ಕಾರಣ ಮೆಸೇಜು ಸಾಗುವ ದಾರಿ. ಕರೆ ಜೋಡಿಸಲು, ಫೋನು ಎಲ್ಲಿದೆ ಎಂದು ತಿಳಿದಿರಲು ಟವರು ಮತ್ತು ಫೋನು ತಮ್ಮತಮ್ಮಲ್ಲೇ ಸಣ್ಣ ಸಣ್ಣ ಸಂಕೇತ ಕಳಿಸಿಕೊಳ್ಳುತ್ತಿರುತ್ತವೆ. ಜಿಎಸ್‌ಎಂ ಎಂಬ ಮೊಬೈಲ್ ಜಾಲದ ಮಾನದಂಡ ರೂಪಿಸಿದವರು ಎಸ್‌ಎಂಎಸ್ಸನ್ನು ಆ ಸಂಕೇತಗಳ ದಾರಿಗೇ ಸೇರಿಸಿದರು. ಸಿಗ್ನಲ್ ಒಂದೇ ಗೀಟು ಇದ್ದು, ವೆಬ್ ಪುಟ ತೆರೆಯದ ಜಾಗದಲ್ಲೂ ಮೆಸೇಜು ಹೋಗಿಬಿಡುವುದು ಅದಕ್ಕೇ.

ಇನ್ನು ನಿಮ್ಮ ಮೂರು ಕೆಲಸ. ಮೂರಕ್ಕೂ ಎಸ್‌ಎಂಎಸ್ ಹೊಂದುತ್ತದೆ, ಏಕೆಂದರೆ ಮೂರರ ಉತ್ತರವೂ ಒಂದೆರಡು ಸಾಲಿನದು. ಬ್ಯಾಂಕಿನ ಸೇವೆ ಖಾತೆಗೆ ನೋಂದಾಯಿಸಿದ ನಂಬರಿನಿಂದ ಕಳಿಸಿದರೆ ಮಾತ್ರ ನಡೆಯುತ್ತದೆ, ಮೊದಲು ಅದನ್ನು ಖಚಿತಪಡಿಸಿಕೊಳ್ಳಿ. ಯಾವ ಪದ, ಯಾವ ನಂಬರು ಎಂಬುದನ್ನು ಬ್ಯಾಂಕಿನ ಸ್ವಂತ ಜಾಲತಾಣದಿಂದ ಅಥವಾ ಶಾಖೆಯಲ್ಲೇ ಕೇಳಿ ಬರೆದುಕೊಳ್ಳಿ. ಯಾರೋ ಫಾರ್ವರ್ಡ್ ಮಾಡಿದ ಪಟ್ಟಿಯಿಂದ ಬೇಡ. ಹವಾಮಾನಕ್ಕೆ ದಿನಾ ತಾನೇ ಬರುವ ಮೆಸೇಜಿಗೆ ಚಂದಾದಾರರಾಗುವುದು ಸುಲಭ. ರೈಲಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಫೋನು ಆಫ್ ಆಗಿದ್ದರೆ ಎಸ್‌ಎಂಎಸ್ ಕೇಂದ್ರ ಉತ್ತರವನ್ನು ಕಾದಿರಿಸಿ, ಆನ್ ಆದಮೇಲೆ ತಲುಪಿಸುತ್ತದೆ. ಆಗ ಓದುವುದು ಹಳೇ ಸುದ್ದಿ. ಉತ್ತರದ ಒಳಗೇ ಸಮಯ ನಮೂದಿಸುವ ಸೇವೆಯನ್ನೇ ಆರಿಸಿಕೊಳ್ಳಿ. ಐದಾರು ಅಂಕಿಯ ಚಿಕ್ಕ ನಂಬರುಗಳಿಗೆ ಕಳಿಸುವ ಮೆಸೇಜಿಗೆ ಪ್ಯಾಕ್ ಇದ್ದರೂ ಬೇರೆ ಶುಲ್ಕ ಬೀಳಬಹುದು. ಕಂಪನಿಯನ್ನು ಒಮ್ಮೆ ಕೇಳಿಬಿಡಿ.

ಪ್ರಶ್ನೆ: ಸ್ಟಾರ್, ಹ್ಯಾಶ್ ಹಾಕಿ ನಂಬರ್ ಡಯಲ್ ಮಾಡುವುದೂ ಇದೇ ತಂತ್ರವೇ?

ಉತ್ತರ: ಅಲ್ಲ, ಅದು ಯುಎಸ್‌ಎಸ್‌ಡಿ. ಎಸ್‌ಎಂಎಸ್ ಕಳಿಸಿ ಕಾಯಬೇಕು. ಇಲ್ಲಿ ಕರೆಯ ಹಾಗೆ ನೇರ ಸಂಪರ್ಕ ತೆರೆದುಕೊಂಡು, ಪರದೆಯ ಮೇಲೆ ಬಂದ ಪಟ್ಟಿಯಿಂದ ಒಂದು, ಎರಡು ಎಂದು ಒತ್ತುತ್ತಾ ಹೋಗಬೇಕು. ಪದ ನೆನಪಿಟ್ಟುಕೊಳ್ಳುವ ತಾಪತ್ರಯವಿಲ್ಲ, ಫೋನಿನಲ್ಲಿ ಏನೂ ಉಳಿಯುವುದೂ ಇಲ್ಲ. ಆದರೆ ತಡಮಾಡಿದರೆ ಸಂಪರ್ಕ ಕಡಿದು, ಮತ್ತೆ ಮೊದಲಿನಿಂದ ಶುರು. ಕಣ್ಣು ಮಂದವಾದ ಹಿರಿಯರಿಗೆ ನಾನು ಎಸ್‌ಎಂಎಸ್ಸನ್ನೇ ಹೇಳುತ್ತೇನೆ. ಮೂರನೇ ದಾರಿಯೊಂದಿದೆ: ಸಿಮ್ ಕಾರ್ಡಿನೊಳಗೇ ಮೆನು ಇಟ್ಟು, ಆಯ್ಕೆಗಳನ್ನು ಎಸ್‌ಎಂಎಸ್ ಆಗಿ ಸಾಗಿಸುವುದು. 2007ರಲ್ಲಿ ಕೆನ್ಯಾದಲ್ಲಿ ಶುರುವಾದ ಎಂ-ಪೆಸಾ ಹಣ ವರ್ಗಾವಣೆ ಹೀಗೆಯೇ ಸಾದಾ ಫೋನುಗಳಲ್ಲಿ ಹರಡಿದ್ದು.

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದೇ ಮೆಸೇಜಾಗುವ ವಿಷಯ ಕನ್ನಡದಲ್ಲಿ ಬರೆದರೆ ಮೂರಾಗುತ್ತದೆ. ಕನ್ನಡಕ್ಕೇಕೆ ಈ ದಂಡ?

ಉತ್ತರ: ಒಂದು ಎಸ್‌ಎಂಎಸ್ಸಿನಲ್ಲಿ ಹಿಡಿಯುವುದು 140 ಬೈಟ್, ಅಷ್ಟೇ. ಒಂದು ಬೈಟ್ ಅಂದರೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ 160 ಅಕ್ಷರ ಹಿಡಿಸುತ್ತದೆ. ಕನ್ನಡವನ್ನು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಗಳ ಲಿಪಿಗೂ ಇರುವ ಸಂಕೇತ ಪಟ್ಟಿಯಲ್ಲಿ, ಕಳಿಸುವಾಗ ಒಂದೊಂದು ಸಂಕೇತಕ್ಕೆ 16 ಬಿಟ್, ಅಂದರೆ 70 ಮಾತ್ರ. ಅದೂ ನಾವೆಣಿಸುವ ಅಕ್ಷರವಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ. ಯಂತ್ರಕ್ಕೆ ಮೂರು ವ್ಯಂಜನ, ಒತ್ತಕ್ಷರ ಜೋಡಿಸುವ ಎರಡು ಹಲಂತ ಚಿಹ್ನೆ, ಒಂದು ದೀರ್ಘ ಸ್ವರಚಿಹ್ನೆ, ಒಟ್ಟು ಆರು. ಮೆಸೇಜು 70 ದಾಟಿತೆಂದರೆ ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕು, ಆಗ ತುಂಡಿಗೆ 67. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರವೋ ಎಮೋಜಿಯೋ ಬಂದರೆ ಸಾಮಾನ್ಯವಾಗಿ ಇಡೀ ಮೆಸೇಜೇ 70ರ ಲೆಕ್ಕಕ್ಕೆ ಇಳಿಯುತ್ತದೆ.

ಕನ್ನಡವನ್ನೂ 7 ಬಿಟ್ಟಿನಲ್ಲಿ ಕಳಿಸುವ ಕೋಷ್ಟಕ ಎಸ್‌ಎಂಎಸ್ ಮಾನದಂಡದಲ್ಲಿ ಸೇರಿದೆ. ಆದರೆ ಕಳಿಸುವ ಕಡೆಗೂ ಪಡೆಯುವ ಕಡೆಗೂ ಅದು ಗೊತ್ತಿರಬೇಕು. ಫೋನ್ ತಯಾರಕರು ಹೆಚ್ಚಾಗಿ ಯೂನಿಕೋಡಿಗೇ ಅಂಟಿಕೊಂಡರು. ಸೇವೆ ನಡೆಸುವವರು ಕನ್ನಡದ ಉತ್ತರವನ್ನು ಕನ್ನಡದಲ್ಲೇ 70ಕ್ಕೆ ಹೊಂದುವಂತೆ ಬರೆಯಬೇಕು. ಇಂಗ್ಲಿಷಿನದನ್ನು ಅನುವಾದಿಸಿ ಮೂರು ತುಂಡು ಮಾಡುವುದು ಸೋಮಾರಿತನ.

ಪ್ರಶ್ನೆ: ಗೂಗಲ್‌ಗೆ ಮೆಸೇಜ್ ಕಳಿಸಿ ಉತ್ತರ ಪಡೆಯುವ ಸೌಲಭ್ಯ ಇತ್ತಲ್ಲ, ಏನಾಯಿತು?

ಉತ್ತರ: 2004ರಲ್ಲಿ ಅಮೆರಿಕದಲ್ಲಿ ಶುರುವಾಗಿತ್ತು, 2013ರಲ್ಲಿ ಮುಚ್ಚಿತು. ಸ್ಮಾರ್ಟ್‌ಫೋನು ಬಂದಮೇಲೆ ಕೇಳುವವರು ಕಡಿಮೆಯಾದರು. ಇಂದಿಗೂ ಉಳಿದಿರುವುದು ಉತ್ತರ ಮೊದಲೇ ಗೊತ್ತಾದ ಆಕಾರದಲ್ಲಿರುವ ಸೇವೆಗಳು: ಬಾಕಿ ಎಷ್ಟು, ಟಿಕೆಟ್ ಖಚಿತವಾಯಿತೇ, ಅರ್ಜಿ ಎಲ್ಲಿದೆ. ಏನು ಬೇಕಾದರೂ ಕೇಳಿ ಎನ್ನುವ ಸೇವೆಗೆ ಈ ದಾರಿ ಇಕ್ಕಟ್ಟು.

ಪ್ರಶ್ನೆ: ಎಸ್‌ಎಂಎಸ್‌ನಲ್ಲಿ ಬ್ಯಾಂಕ್ ವಿಷಯ ಕಳಿಸುವುದು ಸುರಕ್ಷಿತವೇ?

ಉತ್ತರ: ಕೇಳುವುದಕ್ಕೆ ಪರವಾಗಿಲ್ಲ, ಆಜ್ಞೆ ಕೊಡುವುದಕ್ಕೆ ಹಿಂಜರಿಯಿರಿ. ಎಸ್‌ಎಂಎಸ್ಸಿಗೆ ಈ ತುದಿಯಿಂದ ಆ ತುದಿಯವರೆಗಿನ ಬೀಗವಿಲ್ಲ. ಮೊಬೈಲ್ ಕಂಪನಿ, ಗೇಟ್‌ವೇ ಎರಡೂ ಓದಬಲ್ಲವು. ಕಳಿಸಿದವರ ಹೆಸರನ್ನು ನಕಲು ಮಾಡಬಹುದು, ನಕಲಿ ಮೆಸೇಜು ನಿಜವಾದವುಗಳ ಸಾಲಿನಲ್ಲೇ ಬಂದು ಕೂರುತ್ತದೆ. ನಂಬರನ್ನೇ ಗುರುತೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಆಗಸ್ಟ್ ನೋಡಿ. ಆಗ ಟ್ವಿಟರ್ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರ ಫೋನ್ ನಂಬರನ್ನು ಯಾರೋ ವಶಪಡಿಸಿಕೊಂಡು, ಎಸ್‌ಎಂಎಸ್ ಮೂಲಕವೇ ಅವರ ಖಾತೆಯಿಂದ ಟ್ವೀಟ್ ಹಾಕಿದರು. ಕೆಲವೇ ದಿನದಲ್ಲಿ ಟ್ವಿಟರ್ ಆ ಸೌಲಭ್ಯ ನಿಲ್ಲಿಸಿತು.

ಪಿನ್ ಅನ್ನು ಮೆಸೇಜಿನಲ್ಲಿ ಬರೆದು ಕಳಿಸುವ ಪದ್ಧತಿ ಯಾವ ಸೇವೆಯದ್ದಾದರೂ ನಾನು ಒಪ್ಪುವುದಿಲ್ಲ, ಅದು ಕಳಿಸಿದ ಮೆಸೇಜುಗಳಲ್ಲಿ ಹಾಗೇ ಬಿದ್ದಿರುತ್ತದೆ. ಫೋನಿನ ಸಿಗ್ನಲ್ ಕಾರಣವಿಲ್ಲದೆ ತಾಸುಗಟ್ಟಲೆ ಹೋದರೆ, ನಿಮ್ಮ ನಂಬರಿನ ಸಿಮ್ ಬೇರೆ ಯಾರೋ ಪಡೆದಿರಬಹುದು. ಬೇರೆ ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ತಕ್ಷಣ ತಿಳಿಸಿ.

ಪ್ರಶ್ನೆ: ಹಳೇ ಆಂಡ್ರಾಯ್ಡ್ ಫೋನು ಮನೆಯಲ್ಲಿ ಬಿದ್ದಿದೆ. ನಮ್ಮದೇ ಗೇಟ್‌ವೇ ಮಾಡಿಕೊಳ್ಳಬಹುದೇ?

ಉತ್ತರ: ಧಾರಾಳವಾಗಿ. ಅದಕ್ಕೊಂದು ಸಿಮ್ ಹಾಕಿ, ವೈಫೈಗೆ ಜೋಡಿಸಿ, ಟಾಸ್ಕರ್‌ನಂಥ ಆ್ಯಪ್‌ನಲ್ಲಿ ‘ಇಂಥ ಪದದ ಮೆಸೇಜು ಬಂದರೆ ಇಂಥ ವಿಳಾಸದಿಂದ ಮಾಹಿತಿ ತಂದು ಉತ್ತರ ಕಳಿಸು’ ಎಂದು ನಿಯಮ ಬರೆಯಿರಿ. ಉತ್ತರ ಕೊಡುವುದು ಮನೆಯವರ ನಂಬರುಗಳಿಗೆ ಮಾತ್ರ ಎಂಬ ಷರತ್ತು ಮೊದಲು ಹಾಕಿ. ಇಲ್ಲದಿದ್ದರೆ ಯಾವುದೋ ಸ್ವಯಂಚಾಲಿತ ಸೇವೆಗೆ ಇದು ಉತ್ತರಿಸಿ, ಅದು ಇದಕ್ಕೆ ಉತ್ತರಿಸಿ, ಬೆಳಗಾಗುವಷ್ಟರಲ್ಲಿ ಬ್ಯಾಲೆನ್ಸ್ ಖಾಲಿಯಾಗಿರುತ್ತದೆ. ಆ್ಯಪ್ ಒಂದೇ ಸಮನೆ ಮೆಸೇಜು ಕಳಿಸತೊಡಗಿದರೆ ಆಂಡ್ರಾಯ್ಡ್ ತಡೆದು ಅನುಮತಿ ಕೇಳುವುದುಂಟು. ಅದನ್ನು ಶಾಶ್ವತವಾಗಿ ಒಪ್ಪಿಬಿಡಬೇಡಿ. ಮತ್ತೆ, ಸದಾ ಚಾರ್ಜಿನಲ್ಲಿಟ್ಟ ಹಳೇ ಬ್ಯಾಟರಿ ಊದಿಕೊಳ್ಳಬಹುದು, ಆಗಾಗ ಫೋನಿನ ಬೆನ್ನು ನೋಡುತ್ತಿರಿ.